ಪ್ಯಾಕೆಟ್ ಕಳೆದರೆ ಸರಾಸರಿ ಏಕೆ ಜಾರುತ್ತದೆ? ಈವೆಂಟ್-ಟ್ರಿಗರ್ಡ್ ಕಂಟ್ರೋಲ್ ಟಿಪ್ಪಣಿ

ಕಲಬುರಗಿ ಜಿಲ್ಲೆಯ ಆಳಂದ ಕಡೆ ಒಂದು ಎರೆ ಹೊಲ. ತೊಗರಿ ಸಾಲುಗಳ ನಡುವೆ ನಾಲ್ಕು ತೇವಾಂಶ ಸೆನ್ಸರ್ ನೆಟ್ಟಿದೆ ಎಂದುಕೊಳ್ಳಿ. ಎಲ್ಲರ ಲೆಕ್ಕ ಇಡುವ ಸರ್ವರ್ ಇಲ್ಲ. 1–2–3–4 ಎಂಬ ಸಾಲಿನಲ್ಲಿ ಪ್ರತಿ ನೋಡ್, ಅಂದರೆ ಒಂದೊಂದು ಸೆನ್ಸರ್, ಪಕ್ಕದ ನೋಡ್‌ಗೆ ಮಾತ್ರ ರೇಡಿಯೋದಲ್ಲಿ ಸುದ್ದಿ ಕಳಿಸಿ, ಇಡೀ ಹೊಲದ ಸರಾಸರಿಗೆ ಬಂದು ಮುಟ್ಟಬೇಕು. ಆರಂಭದ ಅಳತೆ ಶೇಕಡಾ 18, 20, 26, 28. ಮೊತ್ತ 92, ಸರಾಸರಿ 23.

ನಿಯಮ ಸರಳ. ಪ್ರತಿ 0.1 ಸೆಕೆಂಡಿಗೆ, ಪಕ್ಕದ ನೋಡ್ ಕೊನೆಗೆ ಕಳಿಸಿದ ಮೌಲ್ಯದಿಂದ ತಾನು ಕೊನೆಗೆ ಕಳಿಸಿದ ಮೌಲ್ಯ ಕಳೆಯಬೇಕು. ಎರಡೂ ಬದಿಯ ವ್ಯತ್ಯಾಸ ಕೂಡಿ, 0.1ರಿಂದ ಗುಣಿಸಿ, ತನ್ನ ಮೌಲ್ಯಕ್ಕೆ ಸೇರಿಸಬೇಕು. ಪ್ರತಿ ಹೆಜ್ಜೆಗೂ ಸುದ್ದಿ ಕಳಿಸಿದರೆ ಬ್ಯಾಟರಿ ಉಳಿಯುವುದಿಲ್ಲ. ಅದಕ್ಕೇ ಈವೆಂಟ್-ಟ್ರಿಗರ್, ಅಂದರೆ ಕಳಿಸಲು ಒಂದು ಷರತ್ತು: ಈಗಿನ ಮೌಲ್ಯಕ್ಕೂ ಕೊನೆಗೆ ಕಳಿಸಿದ್ದಕ್ಕೂ 0.5ಕ್ಕಿಂತ ಹೆಚ್ಚು ಅಂತರ ಬಿದ್ದಾಗ ಮಾತ್ರ ಕಳಿಸು. ಪರೀಕ್ಷೆಯಲ್ಲಿ ಕೇಳುವ ಜೀನೋ ತೊಂದರೆ, ಅಂದರೆ ಸೀಮಿತ ಸಮಯದಲ್ಲಿ ಅನಂತ ಟ್ರಿಗರ್, ಇಲ್ಲಿ ಬರುವುದಿಲ್ಲ, 0.1 ಸೆಕೆಂಡಿಗಿಂತ ಬೇಗ ಪರಿಶೀಲನೆಯೇ ನಡೆಯುವುದಿಲ್ಲವಲ್ಲ.

ಅಸಲು ಸಮಸ್ಯೆ ಪ್ಯಾಕೆಟ್, ಅಂದರೆ ಕಳಿಸಿದ ಸುದ್ದಿ, ದಾರಿಯಲ್ಲಿ ಕಳೆದುಹೋದಾಗ. ಎರಡು ಹೆಜ್ಜೆ ಮುಗಿದಾಗ ನೋಡ್ 2 20.8ಕ್ಕೆ ಏರಿರುತ್ತದೆ, ನೋಡ್ 3 25.2ಕ್ಕೆ ಇಳಿದಿರುತ್ತದೆ. ಎರಡೂ ಮಿತಿ ದಾಟಿ ಸುದ್ದಿ ಕಳಿಸುತ್ತವೆ. 3ರ ಸುದ್ದಿ 2ಕ್ಕೆ ಮುಟ್ಟಿತು, 2ರದು 3ಕ್ಕೆ ಮುಟ್ಟಲಿಲ್ಲ ಎನ್ನಿ. ಈ ಕೊಂಡಿಯಲ್ಲಿ ನೋಡ್ 2 ಕೂಡುವುದು 25.2 − 20.8 = 4.4. ನೋಡ್ 3 ಮಾತ್ರ ಹಳೆಯ 20ನ್ನೇ ನಂಬಿ 5.2 ಕಳೆಯುತ್ತದೆ. ಉಳಿದ ಕೊಂಡಿಗಳು ಸರಿಯಿದ್ದರೂ ಮೊತ್ತ ಹೆಜ್ಜೆಗೆ 0.8 × 0.1 = 0.08, ಹತ್ತು ಹೆಜ್ಜೆಯ ಸೆಕೆಂಡಿಗೆ 0.8, ಸರಾಸರಿ ಸೆಕೆಂಡಿಗೆ 0.2 ಇಳಿಯುತ್ತದೆ. ಕಳಿಸಿದ ನೋಡ್ ಸುದ್ದಿ ಮುಟ್ಟಿತೆಂದೇ ತನ್ನ ಅಂತರವನ್ನು ಸೊನ್ನೆ ಮಾಡಿಕೊಂಡು ಸುಮ್ಮನಾಗಿರುತ್ತದೆ. 'ಹೇಳುವಂಥದ್ದು ಏನೂ ಇಲ್ಲ', 'ಹೇಳಿದ್ದು ಕಳೆಯಿತು': ಎರಡೂ ಕೇಳುವ ನೋಡ್‌ಗೆ ಒಂದೇ ತರಹ. ಮುಂದಿನ ಸುದ್ದಿ ಬಂದರೆ ಜಾರುವುದು ನಿಲ್ಲುತ್ತದೆ, ಜಾರಿಹೋದದ್ದು ವಾಪಸ್ ಬರುವುದಿಲ್ಲ. ನಾಲ್ಕೂ ನೋಡ್ ಹೆಚ್ಚುಕಡಿಮೆ ಒಮ್ಮತಕ್ಕೆ ಬರುತ್ತವೆ, ಆದರೆ ತಪ್ಪು ಸಂಖ್ಯೆಯ ಮೇಲೆ. ರೋಬೋಟ್‌ಗಳು ಒಂದೆಡೆ ಸೇರಿದರೆ ಸಾಕು ಎಂಬಲ್ಲಿ ಇದು ನಡೆದೀತು. ಅಳತೆಯ ಕೆಲಸಕ್ಕೆ ನಡೆಯದು.

'ಮುಟ್ಟಿತು' ಎಂದು ತಿಳಿಸುವ ಸ್ವೀಕೃತಿ ಸಂದೇಶ ಸೇರಿಸಿದರಾಯಿತು ಎನ್ನುವವರಿದ್ದಾರೆ. ಅದೂ ಕಳೆಯಬಹುದು, ಆಗ ಗೊಂದಲ ಕಳಿಸಿದ ನೋಡ್‌ನ ಬದಿಗೆ ಬರುತ್ತದೆ, ಅಷ್ಟೇ.

ಇದಕ್ಕಿಂತ ಗಟ್ಟಿ ದಾರಿ, ಕೊಂಡಿಗೊಂದು ಖಾತೆ. 2–3 ಕೊಂಡಿಯ ಖಾತೆ ನೋಡ್ 2ರ ಕೈಯಲ್ಲಿರಲಿ. ಆ ಕೊಂಡಿಯಿಂದ ಇದುವರೆಗೆ ತಾನು ಪಡೆದ ಒಟ್ಟು ಮೊತ್ತವನ್ನು ಅದು ಪ್ರತಿ ಸುದ್ದಿಯಲ್ಲೂ ಕ್ರಮಸಂಖ್ಯೆ ಸಮೇತ ಕಳಿಸಬೇಕು. ನೋಡ್ 3 ಈ ಕೊಂಡಿಯ ಮಟ್ಟಿಗೆ ತಾನಾಗಿ ಲೆಕ್ಕ ಹಾಕದೆ, ಬಂದ ಮೊತ್ತವನ್ನು ತನ್ನ ಆರಂಭದ ಅಳತೆಯಿಂದ ಕಳೆಯಬೇಕು. ನಡುವೆ ಎಷ್ಟು ಸುದ್ದಿ ಕಳೆದರೂ ಮುಂದಿನ ಒಂದು ಮುಟ್ಟಿದರೆ ಹಳೆಯ ಬಾಕಿಯೂ ತೀರುತ್ತದೆ. ಹಳೆಯ ಕ್ರಮಸಂಖ್ಯೆಯ ಪ್ಯಾಕೆಟ್ ತಡವಾಗಿ ಬಂದರೆ ಎಸೆಯಿರಿ. ಕಟ್ಟಕಡೆಯ ಸುದ್ದಿಯೇ ಕಳೆದರೆ? ಅದಕ್ಕೆ, ಟ್ರಿಗರ್ ಆಗದಿದ್ದರೂ 2 ಸೆಕೆಂಡಿಗೊಮ್ಮೆ ಕಡ್ಡಾಯ ಸುದ್ದಿ ಇಡಿ.

ಸಿಮ್ಯುಲೇಷನ್‌ನಲ್ಲಿ ನಾಲ್ಕು ಗೆರೆ ಕೂಡಿದವೆಂದು ನಿಲ್ಲಿಸಬೇಡಿ; ಮೊತ್ತದ ಗೆರೆಯನ್ನೂ ಬಿಡಿಸಿ, ಅದು 92ಕ್ಕೆ ಮರಳುತ್ತದೆಯೇ ನೋಡಿ. ಶೇಕಡಾ 20 ನಷ್ಟವನ್ನು ಒಂದೊಂದು ಪ್ಯಾಕೆಟ್‌ಗೂ ಬಿಡಿಬಿಡಿಯಾಗಿ ಹಾಕಿದರೆ ಸತತ ಮೂರು ಕಳೆಯುವ ಸಂಭವ 0.008 ಮಾತ್ರ. ಮಳೆಯಲ್ಲಿ ತೊಯ್ದ, ಆಳೆತ್ತರದ ತೊಗರಿಯ ನಡುವೆ ನಷ್ಟ ಹಾಗೆ ಬಿಡಿಯಾಗಿ ಬರುವುದಿಲ್ಲ, ಗುಂಪಾಗಿ ಬರುತ್ತದೆ. ಆದ್ದರಿಂದ ಸತತ ಹತ್ತು ಪ್ಯಾಕೆಟ್ ಒಂದೇ ದಿಕ್ಕಿನಲ್ಲಿ ಬೀಳಿಸಿಯೂ ಓಡಿಸಿ.