ಮಾರ್ಲೀ ಮ್ಯಾಟ್ಲಿನ್: ಟಿವಿಯೊಳಗಿನ ಡಿಕೋಡರ್‌ನಿಂದ ಓದಲು ಶುರು ಮಾಡಿ

ಅಮೆರಿಕದ ಕಿವುಡ ನಟಿ ಮ್ಯಾಟ್ಲಿನ್ ಬಗ್ಗೆ ಬರೆಯುವವರೆಲ್ಲ ಆಸ್ಕರ್‌ನಿಂದ ಶುರು ಮಾಡುತ್ತಾರೆ. ಅದನ್ನು ಬೇಗ ಮುಗಿಸೋಣ. ಹುಟ್ಟಿದ್ದು 1965ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. 18 ತಿಂಗಳ ಮಗುವಾಗಿದ್ದಾಗಲೇ ಕಿವಿ ಕೇಳಿಸದಾಯಿತು. ಏಳನೇ ವಯಸ್ಸಿಗೆ ಮಕ್ಕಳ ನಾಟಕದಲ್ಲಿ ಪಾತ್ರ. ಮೊದಲ ಸಿನಿಮಾ 1986ರ ‘ಚಿಲ್ಡ್ರನ್ ಆಫ್ ಎ ಲೆಸ್ಸರ್ ಗಾಡ್’. ಅದಕ್ಕೇ ಮರುವರ್ಷ ಅತ್ಯುತ್ತಮ ನಟಿ ಆಸ್ಕರ್ ಬಂತು, ಆಗ ಅವರಿಗೆ ಬರೀ 21. ಆಸ್ಕರ್ ಗೆದ್ದ ಮೊದಲ ಕಿವುಡ ಕಲಾವಿದೆ ಅವರೇ.

ಈಗ ಮುಖ್ಯ ವಿಷಯ, ಇಲ್ಲಿ ನಿಧಾನವಾಗಿ ಓದಿ. ಆ ಕಾಲದಲ್ಲಿ ಕಾರ್ಯಕ್ರಮದ ಜೊತೆ ಕ್ಯಾಪ್ಷನ್ (ಮಾತನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುವ ಸಾಲು) ಪ್ರಸಾರವಾದರೂ ಮನೆಯ ಟಿವಿ ಅದನ್ನು ತೋರಿಸುತ್ತಿರಲಿಲ್ಲ. ಅದಕ್ಕೆ ಡಿಕೋಡರ್ ಅನ್ನುವ ಪೆಟ್ಟಿಗೆಯನ್ನು ಬೇರೆ ದುಡ್ಡು ಕೊಟ್ಟು ತಂದು ಜೋಡಿಸಬೇಕಿತ್ತು. ಕೊಳ್ಳುವವರು ಕಡಿಮೆ, ಹಾಗಾಗಿ ಜಾಸ್ತಿ ಕಾರ್ಯಕ್ರಮಗಳಿಗೆ ಕ್ಯಾಪ್ಷನ್ ಹಾಕಲು ವಾಹಿನಿಗಳಿಗೂ ಉತ್ಸಾಹವಿಲ್ಲ. ಕ್ಯಾಪ್ಷನ್ ಕಡಿಮೆ ಇದ್ದರೆ ಪೆಟ್ಟಿಗೆಯನ್ನಾದರೂ ಯಾರು ಕೊಳ್ಳುತ್ತಾರೆ, ಅಲ್ವಾ? ಈ ಸುತ್ತು ತಿಳಿದರೆ ಕಾನೂನು ಯಾಕೆ ಬೇಕಿತ್ತು ಅನ್ನುವುದು ತಾನಾಗಿ ತಿಳಿಯುತ್ತದೆ. ಮ್ಯಾಟ್ಲಿನ್ ಅಮೆರಿಕದ ಸಂಸತ್ತಿನ ಮುಂದೆ ಹೋಗಿ ಇದರ ಪರವಾಗಿ ಮಾತಾಡಿದರು. 1990ರಲ್ಲಿ ಕಾಯ್ದೆ ಆಯಿತು: 1993ರ ಜುಲೈನಿಂದ 13 ಇಂಚು ಅಥವಾ ಅದಕ್ಕಿಂತ ದೊಡ್ಡ ಪರದೆಯ ಟಿವಿಗಳಲ್ಲಿ ಡಿಕೋಡರ್ ಒಳಗೇ ಇರಬೇಕು. ಇದು ಅವರೊಬ್ಬರ ಗೆಲುವಲ್ಲ, ಕಿವುಡ ಸಮುದಾಯದ ಎಷ್ಟೋ ಜನರ ಹೋರಾಟ ಹಿಂದಿದೆ. ಅವರ ಬಗ್ಗೆ ಬರೆಯುವಾಗ ಈ ಮಾತು ಬಿಡಬೇಡಿ.

ಸಮುದಾಯ ಯಾವಾಗಲೂ ಅವರ ಬೆನ್ನಿಗೇ ನಿಂತಿತ್ತು ಅಂತಲೂ ಸುಮ್ನೆ ಬರೆಯಬೇಡಿ. 1988ರ ಆಸ್ಕರ್ ವೇದಿಕೆಯಲ್ಲಿ ಅವರು ಸನ್ನೆ ಬಿಟ್ಟು ಬಾಯಿಂದಲೇ ನಟರ ಹೆಸರು ಹೇಳಿದಾಗ ಕೆಲವು ಕಿವುಡರು ಬೇಸರ ಮಾಡಿಕೊಂಡರು. ಸನ್ನೆಯೇ ಪೂರ್ತಿ ಭಾಷೆಯಾಗಿರುವಾಗ, ದನಿ ತೆಗೆದರೆ ಮಾತ್ರ ಮಾತು ಅನ್ನುವ ಹಳೆಯ ಒತ್ತಾಯಕ್ಕೆ ಇದು ಬಲ ಕೊಡುತ್ತದೆ ಅನ್ನುವುದು ಅವರ ನೋವು. ನನಗೆ ಇಬ್ಬರ ಮಾತೂ ಅರ್ಥವಾಗುತ್ತದೆ. ಹೇಗೆ ಮಾತಾಡಬೇಕು ಅನ್ನುವುದು ಅವರವರ ಇಷ್ಟ, ಆದರೆ ಆ ವೇದಿಕೆಯಲ್ಲಿ ನಿಂತವರನ್ನು ಜನ ಇಡೀ ಸಮುದಾಯ ಅಂತಲೇ ನೋಡುತ್ತಾರೆ.

2021ರ ‘ಕೋಡಾ’ ಸಿನಿಮಾ ಸಮಯದಲ್ಲಿ, ಕಿವುಡರ ಪಾತ್ರಗಳನ್ನು ಕಿವಿ ಕೇಳಿಸುವ ನಟರಿಗೆ ಕೊಟ್ಟರೆ ತಾನು ಸಿನಿಮಾದಲ್ಲೇ ಇರುವುದಿಲ್ಲ ಅಂತ ಹಟ ಹಿಡಿದರು. ಅದರಲ್ಲಿ ಅವರ ಗಂಡನ ಪಾತ್ರ ಕಿವುಡ ನಟ ಟ್ರಾಯ್ ಕೋಟ್ಸರ್ ಅವರಿಗೆ ಸಿಕ್ಕಿತು. ಮುಂದೆ ನಟನೆಗೆ ಆಸ್ಕರ್ ಪಡೆದ ಮೊದಲ ಕಿವುಡ ಗಂಡಸು ಅವರಾದರು.

2023ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮ್ಯಾಟ್ಲಿನ್ ತೀರ್ಪುಗಾರರಾಗಿದ್ದರು. ಒಂದು ಪ್ರದರ್ಶನದಲ್ಲಿ ಅವರ ಕೈಗೆ ಕೊಟ್ಟ ಕ್ಯಾಪ್ಷನ್ ಸಾಧನ ಕೆಲಸ ಮಾಡಲಿಲ್ಲ. ಅವರು ಹೊರಗೆ ನಡೆದರು, ಕಿವಿ ಕೇಳಿಸುವ ಜೊತೆಯ ತೀರ್ಪುಗಾರರೂ ಎದ್ದು ಅವರ ಜೊತೆ ಹೊರಟರು.