ಮಾಳಿಗೆ ಮೇಲಿನ ತಂತಿ: ಹ್ಯಾಮ್ ಸ್ಟೇಷನ್ ಕಟ್ಟೋದು ಸುಲಭವಾಯ್ತು, ಇಟ್ಟುಕೊಳ್ಳೋದು?

ಬೆಳಗಾವಿಯ ಟಿಳಕವಾಡಿಯಲ್ಲಾಗಲಿ, ವಿಜಯಪುರದ ಹೊಸ ಬಡಾವಣೆಯಲ್ಲಾಗಲಿ, ಯಾರಾದರೂ ಮಾಳಿಗೆ ಮೇಲೆ ಎರಡು ಬೊಂಬು ನಿಲ್ಲಿಸಿ ತಾಮ್ರದ ತಂತಿ ಎಳೆಯತೊಡಗಿದರೆ ನೆರೆಮನೆಯವರ ಪ್ರಶ್ನೆ ಸಿದ್ಧವಾಗಿರುತ್ತದೆ: “ಏನ್ರೀ, ಮೊಬೈಲ್ ಟಾವರ್ ಕೂಡಸಾಕತ್ತೀರೇನು?” ಅಲ್ಲ, ಹ್ಯಾಮ್ ರೇಡಿಯೊ, ಹವ್ಯಾಸಕ್ಕ ರೇಡಿಯೊ ಮ್ಯಾಲೆ ದೂರದವರ ಜೋಡಿ ಮಾತಾಡೋದು, ಸರಕಾರದ ಲೈಸೆನ್ಸ್ ಐತಿ ಅಂದರೂ ಅನುಮಾನ ಪೂರ್ತಿ ಹೋಗುವುದಿಲ್ಲ. ಈ ಅನುಮಾನಕ್ಕೆ ನೂರು ವರ್ಷದ ಇತಿಹಾಸವಿದೆ. ಅದನ್ನು ಹುಟ್ಟುಹಾಕಿದವರು ನೆರೆಯವರಲ್ಲ, ಸರಕಾರ.

ಭಾರತದ ಮೊದಲ ಹವ್ಯಾಸಿ ಪರವಾನಗಿ 1921ರಲ್ಲಿ ಅಮರೇಂದ್ರ ಚಂದ್ರ ಗುಪ್ತು ಅವರಿಗೆ ಸಿಕ್ಕಿತು. 1933ರಲ್ಲಿ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂತು; ಪರವಾನಗಿ ಇಲ್ಲದೆ ಯಂತ್ರ ಇಟ್ಟುಕೊಳ್ಳುವುದೇ ಅಪರಾಧವಾಯಿತು. 1939ರಲ್ಲಿ ಮಹಾಯುದ್ಧ ಶುರುವಾದಾಗ ಹವ್ಯಾಸಿಗಳ ಲೈಸೆನ್ಸ್ ರದ್ದಾಗಿ, ಯಂತ್ರಗಳನ್ನು ಒಪ್ಪಿಸಬೇಕೆಂಬ ಆದೇಶ ಬಂತು. 1942ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಮುಂಬೈಯಲ್ಲಿ ಕ್ವಿಟ್ ಇಂಡಿಯಾ ಚಳವಳಿಗಾಗಿ ಗುಪ್ತವಾಗಿ ನಡೆದ ಕಾಂಗ್ರೆಸ್ ರೇಡಿಯೊದ ಟ್ರಾನ್ಸ್‌ಮಿಟರಿನ ಹಿಂದೆಯೂ ಇಂಥ ಹವ್ಯಾಸಿಯೊಬ್ಬರ ಕೈ ಇತ್ತು, ನರಿಮನ್ ಪ್ರಿಂಟರ್ ಅವರದು. ಆಗ ಬೆಳಗಾವಿ, ಬಿಜಾಪುರ ಜಿಲ್ಲೆಗಳೂ ಮುಂಬೈ ಪ್ರಾಂತದವೇ. ಬ್ರಿಟಿಷರು ಹೋದರು, ಕಾಯ್ದೆ ಉಳಿಯಿತು. ಹಾಡು ಕೇಳುವ ರೇಡಿಯೊಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟುವ ಪದ್ಧತಿ 1980ರ ದಶಕದವರೆಗೆ ಇತ್ತು; ಧಾರವಾಡ ಆಕಾಶವಾಣಿ ಕೇಳಲು ಆ ಲೈಸೆನ್ಸ್ ಪುಸ್ತಕ ಇಟ್ಟುಕೊಂಡಿದ್ದ ಹಿರಿಯರು ಈಗಲೂ ಸಿಗುತ್ತಾರೆ. ಕೇಳುವವರಿಗೇ ಹೀಗಾದರೆ ಮಾತಾಡುವವರ ಮೇಲೆ ಎಷ್ಟು ಕಣ್ಣಿದ್ದೀತು! ಪರೀಕ್ಷೆ ಪಾಸಾದ ಮೇಲೂ ಪೊಲೀಸ್ ತಪಾಸಣೆ, ಅದಾದ ಮೇಲೆ ದೆಹಲಿಯ ಕಾಗದಕ್ಕಾಗಿ ತಿಂಗಳುಗಟ್ಟಲೆ ಕಾಯುವುದು.

ಯುದ್ಧ ಮುಗಿದ ಮೇಲೆ ಹವ್ಯಾಸ ಮತ್ತೆ ಚಿಗುರಿತು. 1948ರಲ್ಲಿ ಮಹೂ ಪಟ್ಟಣದ ಸೇನಾ ಸಿಗ್ನಲ್ಸ್ ಶಾಲೆಯಲ್ಲಿ ಅಮೆಚೂರ್ ರೇಡಿಯೊ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು. ಆದರೆ ಯಂತ್ರ ಎಲ್ಲಿಂದ ತರುವುದು? ಆಮದು ದುಬಾರಿ, ಅನುಮತಿ ಇನ್ನೂ ದುಬಾರಿ. ಸೈನ್ಯ ಬೇಡವೆಂದು ಮಾರಿದ ಡಿಸ್ಪೋಸಲ್ ಮಾಲು, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಇವೇ ಗತಿ. 807 ಎಂಬ ನಮೂನೆಯ ವಾಲ್ವ್ ಹಾಕಿ, ಕಾಯಿಲ್ ಕೈಯಾರೆ ಸುತ್ತಿ, ಬೆಸುಗೆ ಹಾಕಿ ಟ್ರಾನ್ಸ್‌ಮಿಟರ್ ಕಟ್ಟಬೇಕು. ವರ್ಷವೇ ಹಿಡಿಯಬಹುದು. ಆದರೆ ಹಾಗೆ ಕಟ್ಟಿದವರಿಗೆ ತಮ್ಮ ಯಂತ್ರದ ಒಂದೊಂದು ಬೆಸುಗೆಯೂ ಗೊತ್ತಿರುತ್ತಿತ್ತು. ಕೆಟ್ಟರೆ ಆ ರಾತ್ರಿಯೇ ಬಿಚ್ಚಿ ಕೂರುತ್ತಿದ್ದರು.

1984ರಲ್ಲಿ ಆಮದು ಸುಂಕ ಮನ್ನಾ ಆಯಿತು. ಸ್ವತಃ ಹ್ಯಾಮ್ ಆಗಿದ್ದ ರಾಜೀವ್ ಗಾಂಧಿಯವರ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ಹ್ಯಾಮ್‌ನ ಗುರುತಿನ ಹೆಸರು, ವಿಯು2ಆರ್‌ಜಿ. ಜಪಾನಿನ ರಿಗ್‌ಗಳು, ಅಂದರೆ ಸಿದ್ಧ ರೇಡಿಯೊ ಯಂತ್ರಗಳು, ಹ್ಯಾಮ್‌ಗಳ ರೇಡಿಯೊ ಕೋಣೆಗಳಿಗೆ (ಶ್ಯಾಕ್‌ಗಳಿಗೆ) ಬಂದವು. ಸ್ವಂತ ಕೈಯಲ್ಲಿ ಕಟ್ಟುವ ಚಟ ಪೂರ್ತಿ ಸಾಯಲಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಎಂಬ ಅಗ್ಗದ ಟ್ರಾನ್ಸೀವರ್ (ಕಳಿಸುವ, ಕೇಳುವ ಎರಡೂ ಕೆಲಸದ ಯಂತ್ರ) ಇಲ್ಲಿ ಮಾತ್ರವಲ್ಲ, ಹೊರದೇಶದ ಹ್ಯಾಮ್‌ಗಳ ಮೇಜಿನ ಮೇಲೂ ಇದೆ. ಆಮೇಲೆ ಬಂದದ್ದು ಚೀನಾದ ವಾಕಿಟಾಕಿಗಳ ಕಾಲ. ಲೈಸೆನ್ಸ್ ಕೇಳದೆ ಆನ್‌ಲೈನಿನಲ್ಲಿ ಮಾರುವುದು ಎಷ್ಟು ಮಿತಿಮೀರಿತೆಂದರೆ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತು.

ಇಷ್ಟಾದ ಮೇಲೆ ಲೆಕ್ಕ ಉಲ್ಟಾ ಆಗಿದೆ ಅನ್ನುವುದು ನನ್ನ ಅಂದಾಜು. ರಿಗ್ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ. ಆಂಟೆನಾ ಲೆಕ್ಕವೂ ಸರಳ: 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಡೈಪೋಲ್‌ನ, ಅಂದರೆ ನಡುವೆ ಕೇಬಲ್ ಕೂಡಿಸುವ ತಂತಿ ಆಂಟೆನಾದ, ಉದ್ದ ಮೀಟರಿನಲ್ಲಿ ಸಿಗುತ್ತದೆ, 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್. ಅದನ್ನು ಕಟ್ಟಿ, ಹಗಲಿನಲ್ಲಿ ಬೆಳಗಾವಿಯಿಂದ ಪುಣೆ, ಬೆಂಗಳೂರು, ಹೈದರಾಬಾದಿನೊಂದಿಗೆ ಮಾತಾಡಬಹುದು. ಕಷ್ಟ ಶುರುವಾಗುವುದು ಅಲ್ಲಿಂದ ಮುಂದೆ.

ಬೆಳಗಾವಿಯ ಮಳೆಗೆ ರಿಗ್‌ನಿಂದ ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲ್‌ನ ಕನೆಕ್ಟರಿನೊಳಗೆ ನೀರು ಇಳಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ವಾಪಸ್ ಬರುವ ಶಕ್ತಿಯನ್ನು ತೋರಿಸುವ ಅಳತೆ) ಮಾತ್ರ ಏರುತ್ತ ಹೋಗುತ್ತದೆ. ಜೂನ್‌ಗೆ ಮುಂಚೆ ರಬ್ಬರ್ ಟೇಪ್ ಸುತ್ತದಿದ್ದರೆ ಶ್ರಾವಣದ ಹೊತ್ತಿಗೆ ಕೇಬಲ್ಲೇ ಬದಲಿಸಬೇಕು. ಬಾಗಲಕೋಟೆ, ವಿಜಯಪುರದ ಕಡೆ ತೊಂದರೆ ಬೇರೆ. ಎರಿ ಮಣ್ಣು ಬೇಸಿಗೆಯಲ್ಲಿ ಬಿರಿದು ಅರ್ಥಿಂಗ್ ಸಲಾಕೆಯನ್ನು ಬಿಟ್ಟುಕೊಡುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ನೀರು ಹಾಕುತ್ತಲೇ ಇರಬೇಕು. ಸರಿಯಾಗಿ ಅದೇ ಹೊತ್ತಿಗೆ, ಏಪ್ರಿಲ್‌–ಮೇ ತಿಂಗಳ ಅಡ್ಡಮಳೆಯಲ್ಲಿ, ಸಿಡಿಲು. ಗುಡುಗು ದೂರದಲ್ಲಿರುವಾಗಲೇ ಕೇಬಲ್ ಕಿತ್ತು ಮನೆಯಿಂದ ಹೊರಗೆ ಇಡದವರು ರಿಗ್ ಕಳಕೊಂಡಂತೆಯೇ.

ಇದಕ್ಕಿಂತ ದೊಡ್ಡ ಶತ್ರು ಗದ್ದಲ. ಅಗ್ಗದ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಸೋಲಾರ್ ಇನ್ವರ್ಟರ್ ಎಲ್ಲವೂ ಸೇರಿ 40 ಮೀಟರ್ ಬ್ಯಾಂಡಿನಲ್ಲಿ, ಅದೇ 7 ಮೆಗಾಹರ್ಟ್ಸ್‌ನ ಪಟ್ಟಿಯಲ್ಲಿ, ಹೊಯ್ಯೆನ್ನುತ್ತಿರುತ್ತವೆ. ದುರ್ಬಲ ಸಿಗ್ನಲ್ ಅದರಡಿ ಹೂತುಹೋಗುತ್ತದೆ. ರಿಗ್ಗನ್ನು ಬ್ಯಾಟರಿಗೆ ಹಚ್ಚಿ, ಮೇನ್ ಸ್ವಿಚ್ ಆರಿಸಿ, ಆಮೇಲೆ ಒಂದೊಂದೇ ಸ್ವಿಚ್ ಹಾಕುತ್ತ ಕಿವಿಗೊಟ್ಟರೆ ಸ್ವಂತ ಮನೆಯ ಕಳ್ಳ ಸಿಗುತ್ತಾನೆ. ನೆರೆಮನೆಯವನನ್ನು ಹಿಡಿಯಲು ಚಹಾಕ್ಕೆ ಕರೆಯಬೇಕು, ಬೇರೆ ದಾರಿಯಿಲ್ಲ.

ಹಾಗಿದ್ದರೂ ಇದೆಲ್ಲ ಏಕೆ ಅಂದರೆ ಹ್ಯಾಮ್‌ಗಳು ಕೂಡಲೇ ಹೇಳುವುದು ವಿಪತ್ತಿನ ಮಾತು. 1993ರ ಲಾತೂರ್ ಭೂಕಂಪ, 2001ರ ಭುಜ್, 2004ರ ಸುನಾಮಿಯಲ್ಲಿ ಅಂಡಮಾನಿನಿಂದ ಸುದ್ದಿ ಹೊರತಂದ ಭಾರತಿ ಪ್ರಸಾದ್ ಅವರ ತಂಡ. ಮಾತು ನಿಜವೇ. ಆದರೆ ಪೋರ್ಟ್‌ಬ್ಲೇರಿನಲ್ಲಿ ಆ ತಂಡ ಮೊದಲೇ ಸ್ಟೇಷನ್ ನಡೆಸುತ್ತಿತ್ತು, ಅದಕ್ಕೇ ಕೆಲಸಕ್ಕೆ ಬಂತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೆ ಉಕ್ಕಿ ಗೋಕಾಕ, ರಾಮದುರ್ಗ, ಮುಧೋಳದ ಕಡೆ ನೀರು ನುಗ್ಗಿದಂಥ ದಿನ ಮೊಬೈಲ್ ಟಾವರಿನ ಬ್ಯಾಟರಿ, ಡೀಸೆಲ್ ಎಷ್ಟು ಹೊತ್ತು ಬಾಳುತ್ತವೆ? ಆಗ ಕಪಾಟಿನಲ್ಲಿ ಧೂಳು ಹಿಡಿದ ಯಂತ್ರದಿಂದ ಏನೂ ಆಗದು. ಚಾರ್ಜ್ ಆಗಿರುವ 12 ವೋಲ್ಟ್ ಬ್ಯಾಟರಿ ಬೇಕು. ದಿನಾ ಬೆಳಿಗ್ಗೆ ನೆಟ್‌ಗೆ, ಹ್ಯಾಮ್‌ಗಳು ರೇಡಿಯೊದಲ್ಲಿ ಸೇರುವ ಕೂಟಕ್ಕೆ, ಬಂದು ರೂಢಿಯಾದ ದನಿ ಬೇಕು.

ಪರವಾನಗಿ ಈಗ ಮೊದಲಿನಷ್ಟು ದೂರವಿಲ್ಲ. 12 ತುಂಬಿದವರು ಪರೀಕ್ಷೆ ಬರೆಯಬಹುದು, ಆರಂಭದ ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತದ ಪರೀಕ್ಷೆ ಬೇಡ, ಅರ್ಜಿ ಆನ್‌ಲೈನಿನಲ್ಲೇ ಆಗುತ್ತದೆ. 1885ರ ಟೆಲಿಗ್ರಾಫ್ ಮತ್ತು 1933ರ ವೈರ್‌ಲೆಸ್ ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೂ ಕೊರತೆಯಿಲ್ಲ, ಕಾಲೇಜಿಗೆ ಕ್ಲಬ್ ಸ್ಟೇಷನ್ ಲೈಸೆನ್ಸ್ ಸಿಗುತ್ತದೆ. ವಿದ್ಯಾರ್ಥಿಗಳು ಮಾತ್ರ ನಾಲ್ಕು ವರ್ಷಕ್ಕೆ ಊರು ಬಿಡುತ್ತಾರೆ. ಅವರು ಕಟ್ಟಿದ ಆಂಟೆನಾಕ್ಕೆ ಮುಂದಿನ ಮಳೆಗಾಲದೊಳಗೆ ಟೇಪ್ ಸುತ್ತುವವರು ಯಾರೆಂದು ಕಟ್ಟುವ ದಿನವೇ ಗೊತ್ತಾಗಿರಬೇಕು.