ಮೂಗುಪಟ್ಟಿಯನ್ನು ಎಷ್ಟು ಬಿಗಿಯಬೇಕು?

ಪ್ರಶ್ನೆ: ಅಂದಿಯೂರಿನಿಂದ ತಂದ ಕುದುರೆ ಕಡಿವಾಣ ಹಾಕಿದೊಡನೆ ಬಾಯಿ ತೆರೆಯುತ್ತದೆ. ಮೂಗು, ದವಡೆಗಳನ್ನು ಸುತ್ತುವ ಮೂಗುಪಟ್ಟಿಯನ್ನು ಇನ್ನಷ್ಟು ಬಿಗಿಯಬಹುದೇ?

ತಮಿಳುನಾಡಿನ ಅಂದಿಯೂರಿನಲ್ಲಿ ಕುದುರೆಗಳು ಮಾರಾಟವಾಗುವ ಆಡಿ ತಿಂಗಳ ಗುರುನಾಥಸ್ವಾಮಿ ಜಾತ್ರೆ ಮುಗಿಯುತ್ತಿದ್ದಂತೆ ತಾಳವಾಡಿಯಿಂದಲೂ ಹೊಸೂರಿನ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ನನ್ನ ಉತ್ತರವೂ ಪ್ರತಿವರ್ಷ ಅದೇ: ಬಿಗಿಯಬೇಡಿ, ಸಡಿಲಿಸಿ.

ಬಾಯಿ ಕಟ್ಟಿದರೆ ಕುದುರೆ ಹಿಡಿತಕ್ಕೆ ಬರುತ್ತದೆಂಬ ನಂಬಿಕೆಗೆ ಸಾವೇ ಇಲ್ಲವೆಂದು ತೋರುತ್ತದೆ. ಬಾಯಿ ತೆರೆಯುವ ಕುದುರೆ ಬಹುಮಟ್ಟಿಗೆ ಬಾಯೊಳಗಿನ ಕಡಿವಾಣದ ಒತ್ತಡದಿಂದ ತಪ್ಪಿಸಿಕೊಳ್ಳಲು ನೋಡುತ್ತಿರುತ್ತದೆ. ಪಟ್ಟಿ ಬಿಗಿದಾಗ ಆ ಒತ್ತಡ ಹಾಗೆಯೇ ಉಳಿದು, ನಮ್ಮ ಕಣ್ಣಿಗೆ ಬೀಳುವುದು ಮಾತ್ರ ನಿಲ್ಲುತ್ತದೆ. ಮೇಲಾಗಿ ಕೆನ್ನೆಯ ಒಳಮೈ ದವಡೆಹಲ್ಲಿನ ಚೂಪು ಅಂಚಿಗೆ ಒತ್ತಿ ಹುಣ್ಣಾಗುತ್ತದೆ, ಜೊಲ್ಲು ನುಂಗುವುದೂ ಕಷ್ಟವಾಗುತ್ತದೆ. ಪಟ್ಟಿ ಕೆಳಗಿಳಿದು ಮೂಗಿನ ಮೆದುಭಾಗವನ್ನು ಅದುಮಿದರಂತೂ, ಬಾಯಿಯಿಂದ ಉಸಿರಾಡಲಾರದ ಈ ಪ್ರಾಣಿಯ ಉಸಿರಿಗೇ ಅಡ್ಡಿಯಾಗುತ್ತದೆ. ವಿದೇಶದ ಸ್ಪರ್ಧೆಗಳಲ್ಲಿ ಬಿಗಿಯುತ್ತಾರಲ್ಲ ಎಂದು ವಾದಿಸುವವರಿದ್ದಾರೆ. ಬಿಗಿಯುತ್ತಾರೆ, ನಿಜ: 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ 750 ಸ್ಪರ್ಧಾ ಕುದುರೆಗಳಲ್ಲಿ ಶೇಕಡ 44ರಷ್ಟರ ಪಟ್ಟಿಯಡಿ ಒಂದು ಬೆರಳೂ ತೂರುತ್ತಿರಲಿಲ್ಲ. ಈ ಚಾಳಿಯನ್ನು ತಡೆಯಲೆಂದೇ ಅಂತಾರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟ 2025ರಿಂದ ಅಳತೆಯ ಸಾಧನವನ್ನು ಬಳಕೆಗೆ ತಂದಿದೆ.

ಪಟ್ಟಿಯಡಿ ಎರಡು ಬೆರಳು ತೂರುವಷ್ಟು ಅಂತರವಿರಬೇಕು, ಅದನ್ನು ಮೂಗಿನ ಎಲುಬಿನ ನಡುಗೆರೆಯ ಮೇಲೆಯೇ ಅಳೆಯಬೇಕು. ಕೆನ್ನೆಯ ಪಕ್ಕದ ಮಾಂಸ ತಗ್ಗುವುದರಿಂದ ಅಲ್ಲಿ ಅಳೆದರೆ ಬಿಗಿಯಾದ ಪಟ್ಟಿಯೂ ಸಡಿಲವೆನಿಸುತ್ತದೆ; ನಮ್ಮವರು ಹೆಚ್ಚಾಗಿ ಅಳೆಯುವುದು ಅಲ್ಲಿಯೇ. ಪಟ್ಟಿಯ ಜಾಗ ಕೆನ್ನೆಯೆಲುಬಿನ ಏಣಿನಿಂದ ಎರಡು ಬೆರಳು ಕೆಳಗೆ.

ಉಳಿದದ್ದು ಸುಲಭ. ಗಂಟಲಪಟ್ಟಿಯೊಳಗೆ ಮುಷ್ಟಿ ಹಿಡಿಸಬೇಕು. ಹಣೆಪಟ್ಟಿ ಗಿಡ್ಡವಾಗಿ ನೆತ್ತಿಯ ಪಟ್ಟಿಯನ್ನು ಕಿವಿಯ ಬುಡಕ್ಕೆ ಎಳೆಯಬಾರದು. ಕಡಿವಾಣ ಹಲ್ಲಿಲ್ಲದ ವಸಡಿನ ಮೇಲೆ ಕೂರಬೇಕು, ಗಂಡುಕುದುರೆಯ ಕೋರೆಹಲ್ಲಿಗೆ ತಾಗಬಾರದು. ಕಡಿವಾಣ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ತುಟಿಯಂಚಿನ ಸುಕ್ಕುಗಳನ್ನು ಎಣಿಸುವುದಕ್ಕಿಂತ ತುಟಿ ಬಿಡಿಸಿ ಒಳಗೆ ನೋಡುವುದು ಮೇಲು. ಇಷ್ಟೆಲ್ಲ ಸರಿಪಡಿಸಿದ ಮೇಲೂ ಬಾಯಿ ತೆರೆದರೆ ಪಶುವೈದ್ಯರಿಗೆ ಹಲ್ಲು ತೋರಿಸಿ.

ಕೇಳದಿದ್ದರೂ ಹೇಳುತ್ತೇನೆ: ಕುದುರೆಯ ಜೊತೆಗೆ ಬಂದ ಕಡಿವಾಣದ ಮೇಲೆ ಒಮ್ಮೆ ಬೆರಳಾಡಿಸಿ. ಮುಳ್ಳು ಅಥವಾ ಗುಬುಟು ಕೈಗೆ ಸಿಕ್ಕರೆ ಅದನ್ನು ಬಳಸುವಂತಿಲ್ಲ. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳನ್ನು ಕುರಿತ 1965ರ ಕೇಂದ್ರ ನಿಯಮಗಳು ಅಂಥವನ್ನು ನಿಷೇಧಿಸಿವೆ. ವಸಡಿನಲ್ಲಿ ಗಾಯ ಕಂಡರೆ, ಅದು ಮಾಯುವವರೆಗೆ ಯಾವ ಕಡಿವಾಣವನ್ನೂ ಹಾಕದೆ, ತಲೆಗೆ ಹಗ್ಗ ಕಟ್ಟಿ ಕೈಯಲ್ಲಿ ಹಿಡಿದು ನಡೆಸಿ.